ಸೂಜಿ ಹಿಡಿದ ಕೈಗೂ ಒಂದು ಪುಸ್ತಕ ಬೇಕು

ಮದುವೆ ಬಟ್ಟೆ ತೆಗೆಯುವುದು ಅಂದರೆ ನಮ್ಮ ಮನೆಗಳಲ್ಲಿ ಸಣ್ಣ ಸಂಗತಿಯಲ್ಲ. ಮೈಲಾಂಜಿಗೆ ಒಂದು, ನಿಕಾಹ್‌ಗೆ ಒಂದು, ಮದುವೆ ಮುಗಿದು ಔತಣಕ್ಕೆ ಹೋಗುವಾಗ ಇನ್ನೊಂದು. ಮಂಗಳೂರಿನ ಅಂಗಡಿಗಳಲ್ಲಿ ಹೆಂಗಸರು ಅರ್ಧ ದಿನ ಕೂತು ನೋಡುತ್ತಾರೆ. ಅಂಗಡಿಯವರು ಒಂದೊಂದೇ ಬಿಡಿಸಿ ಹಾಕುವಾಗ ನಡುವೆ ಒಂದು ಮಾತು ಬರುತ್ತದೆ: ‘ಇದು ಮೆಷಿನ್‌ದ್ದಲ್ಲ, ಹ್ಯಾಂಡ್ ವರ್ಕ್.’ ಅಷ್ಟು ಹೇಳಿದರೆ ಸಾಕು, ಬೆಲೆ ಎರಡು ಮೆಟ್ಟಿಲು ಮೇಲೆ ಹೋಗಿರುತ್ತದೆ. ನಾವೂ ಚೌಕಾಸಿ ಮಾಡಿ ಕೊಟ್ಟು ಬರುತ್ತೇವೆ. ಕೈಕೆಲಸಕ್ಕೆ ಹೆಚ್ಚು ಕೊಡಬೇಕು ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ.

ಆದರೆ ನಾವು ‘ಹ್ಯಾಂಡ್ ವರ್ಕ್’ ಅಂತ ಹೆಚ್ಚು ಕೊಟ್ಟದ್ದು ಆ ಹ್ಯಾಂಡಿಗೆ ತಲುಪುತ್ತದಾ? ಬೆಲೆ ಕೇಳುವಾಗ ಹತ್ತು ಪ್ರಶ್ನೆ ಕೇಳುವ ನಾವು ಈ ಒಂದನ್ನು ಕೇಳುವುದಿಲ್ಲ. ಈ ವಾರ ಅದನ್ನೇ ಸ್ವಲ್ಪ ಬಿಡಿಸಿ ನೋಡುವ. ಯಾಕೆಂದರೆ ಇದು ಇನ್ನು ದೂರದ ಊರಿನ ವಿಷಯವಾಗಿ ಉಳಿದಿಲ್ಲ. ಬೀಡಿ ಗೆರಸೆ ಕೆಳಗಿಟ್ಟ ಮನೆಗಳಲ್ಲಿ ಹೆಣ್ಣುಮಕ್ಕಳು ಈಗ ಆರಿ ವರ್ಕಿನ ಸೂಜಿ ಹಿಡಿಯುತ್ತಿದ್ದಾರೆ.

ಮೊದಲು ಲಕ್ನೋದಿಂದ ಶುರು ಮಾಡುವ. ಬಿಳಿ ಬಟ್ಟೆಯ ಮೇಲೆ ಬಿಳಿ ನೂಲಿನ ಚಿಕನ್ ಕಸೂತಿ ಅಲ್ಲಿಯದು. ಗಂಡಸರ ಕುರ್ತಾ, ಹೆಂಗಸರ ಚೂಡಿದಾರ್ ಆಗಿ ನಮ್ಮ ಊರಿನ ಅಂಗಡಿಗಳಿಗೂ ಬರುತ್ತದೆ. ಪೆರ್ನಾಲಿಗೆ ಒಂದು ಚಿಕನ್ ಕುರ್ತಾ ತೆಗೆಯದ ಹುಡುಗರು ಈಗ ಕಡಿಮೆ. ನೂರ್ ಜಹಾನ್ ಈ ಕಲೆಯನ್ನು ತಂದಳು ಎಂಬ ಕತೆಯುಂಟು. ಕತೆ ಇರಲಿ, ಇವತ್ತು ಇದನ್ನು ಹೊಲಿಯುತ್ತಿರುವವರು ಲಕ್ನೋದ ಹಳೆ ಪೇಟೆಯ ಗಲ್ಲಿಗಳಲ್ಲಿ, ಕಾಕೋರಿ, ಮಲಿಹಾಬಾದ್ ಕಡೆಯ ಹಳ್ಳಿಗಳಲ್ಲಿ ಮನೆಯೊಳಗೆ ಕೂತ ಹೆಂಗಸರು. ಅವರಲ್ಲಿ ಮುಸ್ಲಿಂ ಹೆಂಗಸರೇ ಹೆಚ್ಚು. ಮುಜಫ್ಫರ್ ಅಲಿ 1986ರಲ್ಲಿ ‘ಅಂಜುಮನ್’ ಎಂಬ ಸಿನಿಮಾ ಮಾಡಿದ್ದು ಇವರ ಬಗ್ಗೆಯೇ. ಶಬಾನಾ ಆಜ್ಮಿ ಅದರಲ್ಲಿ ಚಿಕನ್ ಹೊಲಿಯುವ ಹುಡುಗಿ.

ಒಂದು ಕುರ್ತಾ ಎಷ್ಟು ಕೈ ದಾಟಿ ಬರುತ್ತದೆ ನೋಡಿ. ವ್ಯಾಪಾರಿ ಮಲ್‌ಮಲ್ ಅಥವಾ ವಾಯಿಲ್ ಬಟ್ಟೆ ತರಿಸುತ್ತಾನೆ. ದರ್ಜಿ ಅದನ್ನು ಕತ್ತರಿಸಿ, ಹೆಚ್ಚಾಗಿ ಕಸೂತಿಗೆ ಮೊದಲೇ ಹೊಲಿದೂ ಕೊಡುತ್ತಾನೆ. ಅಲ್ಲಿಂದ ಛಾಪಾ ಹಾಕುವವನ ಬಳಿಗೆ. ಅವನು ಮರದ ಅಚ್ಚನ್ನು ನೀಲಿ ಬಣ್ಣದಲ್ಲಿ ಅದ್ದಿ ಹೂ, ಬಳ್ಳಿ, ಮಾವಿನಕಾಯಿಯ ನಮೂನೆ ಒತ್ತುತ್ತಾನೆ. ಒಗೆದರೆ ಹೋಗುವ ಬಣ್ಣ ಅದು. ಆಮೇಲೆ ಏಜೆಂಟ್ ಬರುತ್ತಾನೆ. ಕೆಲವು ಕಡೆ ಏಜೆಂಟ್ ಕೂಡಾ ಹೆಂಗಸೇ. ಕಟ್ಟು ಕಟ್ಟಿಕೊಂಡು ಹಳ್ಳಿಗೆ ಹೋಗಿ ಮನೆಮನೆಗೆ ಹಂಚುವುದು ಅವರ ಕೆಲಸ. ಕಸೂತಿ ಮುಗಿದ ಮೇಲೆ ಅವರೇ ವಾಪಸು ತರುತ್ತಾರೆ. ವಾರಗಟ್ಟಲೆ ಮನೆಯಲ್ಲಿ ಬಿದ್ದು ಕೈಯಿಂದ ಕೈಗೆ ಹೋಗಿ ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಧೋಬಿ ಅದನ್ನು ನೆನೆಸಿ, ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿದ ಮೇಲೆ ನಾವು ಅಂಗಡಿಯಲ್ಲಿ ನೋಡುವ ಹಾಲಿನ ಬಿಳುಪು ಬರುವುದು. ಆಮೇಲೆ ಲಕ್ನೋದ ಚೌಕ್ ಮಾರುಕಟ್ಟೆ, ಅಲ್ಲಿಂದ ಸಗಟು ವ್ಯಾಪಾರಿ, ಅಲ್ಲಿಂದ ನಮ್ಮ ಊರಿನ ಅಂಗಡಿ.

ಇಷ್ಟು ಜನರಲ್ಲಿ ಹೆಚ್ಚು ಸಮಯ ಯಾರದ್ದು? ದರ್ಜಿಗೆ ಕೆಲವು ಗಂಟೆ. ಛಾಪಾದವನಿಗೆ ನಿಮಿಷಗಳ ಕೆಲಸ. ಹೊಲಿಯುವವಳಿಗೆ ದಿನಗಳು, ಒಳ್ಳೆಯ ಕೆಲಸವಾದರೆ ತಿಂಗಳುಗಳು. ಆದರೂ ಇಡೀ ಸಾಲಿನಲ್ಲಿ ಗಂಟೆ ಲೆಕ್ಕಕ್ಕೆ ಅತೀ ಕಡಿಮೆ ಸಿಗುವುದು ಅವಳಿಗೇ. ಸೂಜಿ ಹಿಡಿಯುವ ಕೈ ಈ ಸರಪಳಿಯ ಬುಡದಲ್ಲಿ ಉಂಟು, ಮತ್ತು ಬುಡದಲ್ಲಿ ಇರುವುದು ಸರಪಳಿಯ ತುದಿಗೆ ಕಾಣುವುದಿಲ್ಲ.

ಕೆಲಸ ಸಾಮಾನ್ಯದ್ದು ಅಂತ ಇದ್ದಿದ್ದರೆ ಬೇರೆ ಮಾತು. ಚಿಕನ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಬಗೆಯ ಹೊಲಿಗೆಯುಂಟು ಅನ್ನುತ್ತಾರೆ. ಬಖಿಯಾ ಎಂದರೆ ಬಟ್ಟೆಯ ಹಿಂಬದಿಯಲ್ಲಿ ಹೊಲಿದು ಮುಂದೆ ಬರೀ ನೆರಳು ಕಾಣುವಂತೆ ಮಾಡುವುದು. ಮುರ್ರಿ ಅಕ್ಕಿಕಾಳಿನ ಹಾಗೆ ಉಬ್ಬಿ ನಿಲ್ಲುತ್ತದೆ. ಫಂದಾ ಇನ್ನೂ ಸಣ್ಣ, ಸಾಸಿವೆ ರಾಗಿ ಕಾಳಿನಷ್ಟು. ಜಾಲಿ ಎಲ್ಲಕ್ಕಿಂತ ಕಷ್ಟದ್ದು. ನೂಲನ್ನು ಕತ್ತರಿಸದೆ, ಎಳೆಯದೆ, ಸೂಜಿಯಿಂದ ಬಟ್ಟೆಯ ಎಳೆಗಳನ್ನು ಆಚೀಚೆ ಸರಿಸಿ ಬಲೆಯ ಹಾಗೆ ತೂತು ಮಾಡುವುದು. ಇದನ್ನು ಎಲ್ಲರೂ ಮಾಡಲಾರರು. ಹಾಗಾಗಿ ಒಂದೇ ಕುರ್ತಾ ಮೂರು ನಾಲ್ಕು ಹೆಂಗಸರ ಕೈ ದಾಟುವುದುಂಟು. ಒಬ್ಬಳು ಬಖಿಯಾ ಮುಗಿಸಿ ಕೊಟ್ಟರೆ ಇನ್ನೊಬ್ಬಳು ಫಂದಾ, ಮತ್ತೊಬ್ಬಳು ಜಾಲಿ. ಸಂಜೆ ಕರೆಂಟ್ ಹೋದರೆ ಬಾಗಿಲಿಗೆ ಬಂದು ಕೂರಬೇಕು. ವಯಸ್ಸಾಗುವ ಮೊದಲೇ ಕಣ್ಣು ಮಂಜಾಗುತ್ತದೆ, ಸೊಂಟ ಹಿಡಿಯುತ್ತದೆ.

ಹಾಗಿದ್ದರೂ ಕೂಲಿ ಯಾಕೆ ಏರುವುದಿಲ್ಲ? ಏಜೆಂಟ್ ತಿನ್ನುತ್ತಾನೆ ಅಂತ ಹೇಳಿ ಮುಗಿಸುವುದು ಸುಲಭ. ಅದು ಅರ್ಧ ಸತ್ಯ. ಹಳ್ಳಿಯ ಹೆಂಗಸು ದಿನಾ ಚೌಕ್‌ಗೆ ಹೋಗಿ ಬಟ್ಟೆ ತಂದು ಕೊಡಲಿಕ್ಕಾಗುವುದಿಲ್ಲ, ಚೌಕ್‌ನ ವ್ಯಾಪಾರಿ ನೂರು ಹಳ್ಳಿ ಸುತ್ತಲಿಕ್ಕೂ ಆಗುವುದಿಲ್ಲ. ನಡುವೆ ಒಬ್ಬರು ಬೇಕೇ ಬೇಕು. ಸಮಸ್ಯೆ ಇರುವುದು ಆ ನಡುವಿನವನು ಎರಡೂ ಕಡೆಗೆ ಗೋಡೆಯಾಗುವುದರಲ್ಲಿ. ಮೇಲಿನವನು ಪೀಸಿಗೆ ಎಷ್ಟು ಕೊಟ್ಟ ಎಂದು ಕೆಳಗಿನವಳಿಗೆ ಗೊತ್ತಿಲ್ಲ. ಕೆಳಗಿನವಳು ಎಷ್ಟು ದಿನ ತೆಗೆದುಕೊಂಡಳು ಎಂದು ಮೇಲಿನವನಿಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಅಗತ್ಯವೂ ಇಲ್ಲ. ಎಣ್ಣೆ ಕಲೆ ಬಿದ್ದರೆ, ನೂಲು ಬಿಟ್ಟರೆ, ತಡವಾದರೆ ಕಡಿತ. ಕಡಿತಕ್ಕೆ ಚೀಟಿ ಇಲ್ಲ. ಹಳೆಯ ಬಾಕಿ ಹೊಸ ಕೆಲಸದ ಜೊತೆ ಸೇರಿಕೊಂಡು ಯಾವುದು ಬಂತು ಯಾವುದು ಬರಲಿಲ್ಲ ಎಂದು ಅವಳಿಗೇ ನೆನಪಿರುವುದಿಲ್ಲ.

ಇದರ ಹಿಂದೆ ಒಂದು ಹಳೆಯ ಮಾತು ಉಂಟು: ‘ಮನೆಯಲ್ಲಿ ಸುಮ್ಮನೆ ಕೂತಿದ್ದಾಳೆ, ಬಿಡುವಿನಲ್ಲಿ ನಾಲ್ಕು ಕಾಸು ಆಗುತ್ತದೆ.’ ಆಂಧ್ರದ ನರಸಾಪುರದಲ್ಲಿ ಕ್ರೋಶಾ ಲೇಸ್ ಹೆಣೆಯುವ ಹೆಂಗಸರ ಬಗ್ಗೆ ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ತಂದರು. ಅವರಿಗೆ ಕಂಡದ್ದು ಇದೇ. ಲೇಸ್ ವಿದೇಶಕ್ಕೆ ಹೋಗುತ್ತಿತ್ತು, ರಫ್ತು ಮಾಡುವವರು ಬೆಳೆದರು. ದಿನವಿಡೀ ಹೆಣೆಯುತ್ತಿದ್ದ ಹೆಂಗಸರನ್ನು ಮಾತ್ರ ಎಲ್ಲರೂ ‘ಗೃಹಿಣಿಯರು, ಬಿಡುವಿನಲ್ಲಿ ಮಾಡುತ್ತಾರೆ’ ಎಂದೇ ಲೆಕ್ಕ ಹಾಕುತ್ತಿದ್ದರು. ಬಿಡುವಿನ ಕೆಲಸ ಅಂದ ಕೂಡಲೇ ಕೂಲಿ ಕೇಳುವ ಹಕ್ಕು ಅರ್ಧ ಹೋಯಿತು. ಅಡಿಗೆ, ಮಕ್ಕಳು, ನೀರು, ಬಟ್ಟೆ ಎಲ್ಲ ಮುಗಿಸಿ ರಾತ್ರಿ ಹನ್ನೊಂದಕ್ಕೆ ಸೂಜಿ ಹಿಡಿಯುವುದಕ್ಕೆ ಬಿಡುವು ಅಂತ ಹೆಸರಿಟ್ಟವರು ಯಾರೋ!

ಕೂಲಿ ಕಡಿಮೆಯಾದರೆ ನಷ್ಟ ಹೊಲಿಯುವವಳಿಗೆ ಮಾತ್ರ ಅಂತ ತಿಳಿಯಬೇಡಿ. ಪೀಸಿಗೆ ಇಷ್ಟೇ ಅಂದರೆ ಯಾರಾದರೂ ಏನು ಮಾಡುತ್ತಾರೆ? ಬೇಗ ಮುಗಿಸುತ್ತಾರೆ. ಹೊಲಿಗೆ ಉದ್ದವಾಗುತ್ತದೆ, ಫಂದಾ ಕಡಿಮೆಯಾಗುತ್ತದೆ, ಜಾಲಿ ಮಾಯವಾಗುತ್ತದೆ. ಒರಟು ಬಖಿಯಾ ತುಂಬಿಸಿ ಕಳಿಸುವುದು ಲಾಭ. ಕಷ್ಟದ ಹೊಲಿಗೆ ಗೊತ್ತಿದ್ದ ಅಜ್ಜಿಗೆ ಕಲಿಸಲು ಮನಸ್ಸಿಲ್ಲ, ಮೊಮ್ಮಗಳಿಗೆ ಕಲಿಯಲು ಕಾರಣವಿಲ್ಲ. ಅಷ್ಟರಲ್ಲಿ ಮೆಷಿನ್ ಎಂಬ್ರಾಯ್ಡರಿಯ ಬಟ್ಟೆ ಚಿಕನ್ ಅಂತಲೇ ಮಾರಾಟಕ್ಕೆ ಬರುತ್ತದೆ. ಗಿರಾಕಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ ‘ವ್ಯತ್ಯಾಸವೇ ಇಲ್ಲವಲ್ಲ’ ಅನ್ನುತ್ತಾನೆ. ಅವನದ್ದೂ ತಪ್ಪಲ್ಲ. ಕೈಕೆಲಸವನ್ನು ಮೆಷಿನ್‌ನ ಮಟ್ಟಕ್ಕೆ ಇಳಿಸಿದ್ದು ಕೂಲಿ.

ವ್ಯತ್ಯಾಸ ನೋಡಲಿಕ್ಕೆ ಬಟ್ಟೆ ತಿರುಗಿಸಿ ನೋಡಿ. ಮೆಷಿನ್‌ದ್ದಾದರೆ ಹಿಂಬದಿಯಲ್ಲಿ ಕೆಳಗಿನ ನೂಲು ಒಂದೇ ಸಮ ಓಡಿರುತ್ತದೆ, ಹೂವಿನಿಂದ ಹೂವಿಗೆ ಅಚ್ಚು ಹಾಕಿದ ಹಾಗೆ. ಕೈಯದ್ದಾದರೆ ನೂಲು ಶುರುವಾದಲ್ಲಿ ಮುಗಿದಲ್ಲಿ ಗುರುತು ಸಿಗುತ್ತದೆ, ಒಂದು ಎಲೆ ಇನ್ನೊಂದಕ್ಕಿಂತ ಕೂದಲಷ್ಟು ಬೇರೆ ಇರುತ್ತದೆ. ಜಾಲಿಯಲ್ಲಿ ಕತ್ತರಿಸಿದ ಎಳೆ ಕಂಡರೆ ಅದು ಜಾಲಿಯೇ ಅಲ್ಲ. ಮುಂದಿನ ಸಲ ಅಂಗಡಿಯಲ್ಲಿ ಇಷ್ಟು ನೋಡಿದರೆ ಸಾಕು, ಅಂಗಡಿಯವರೂ ಎಚ್ಚರಾಗುತ್ತಾರೆ.

ಮದುಮಗಳ ಲೆಹಂಗಾ, ಗೌನಿನ ಮೇಲೆ ಹೊಳೆಯುವ ಜರ್ದೋಸಿಯ ದಾರಿ ಸ್ವಲ್ಪ ಬೇರೆ. ಬರೇಲಿ, ಲಕ್ನೋ, ಫರೂಕಾಬಾದ್ ಕಡೆ ಅಡ್ಡಾ ಎಂಬ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಸುತ್ತ ನಾಲ್ಕಾರು ಮಂದಿ ಗಂಡಸರು ಕೂತು ದಬ್ಕಾ, ಸಲ್ಮಾ, ಸಿತಾರೆ, ಮುತ್ತು ಕೂರಿಸುತ್ತಾರೆ. ಅಡ್ಡಾದ ಮುಂದೆ ಕೂರುವವನಿಗೆ ದಿನದ ಲೆಕ್ಕವಾದರೂ ಉಂಟು. ಅದೇ ಕೆಲಸ ಮನೆಗೆ ಹೋಗಿ ಹೆಂಗಸರ ಕೈಗೆ ಬಂದ ಕೂಡಲೇ ಪೀಸಿನ ಲೆಕ್ಕ. ಮುಂಬೈಯ ಗಲ್ಲಿಗಳಲ್ಲಿ ಉತ್ತರ ಪ್ರದೇಶದಿಂದ, ಬಂಗಾಳದಿಂದ ಬಂದ ಕಾರಿಗರರು ಪ್ಯಾರಿಸ್‌ನ ದೊಡ್ಡ ಕಂಪೆನಿಗಳಿಗೂ ಹೊಲಿದು ಕೊಡುತ್ತಾರೆ. 2023ರ ಮಾರ್ಚ್‌ನಲ್ಲಿ ಡಿಯೋರ್ ಕಂಪೆನಿ ಗೇಟ್‌ವೇ ಆಫ್ ಇಂಡಿಯಾದ ಎದುರೇ ಫ್ಯಾಷನ್ ಶೋ ಮಾಡಿ ಭಾರತದ ಕಸೂತಿಗೆ ಗೌರವ ಅಂತ ಹೇಳಿತು. ಗೌರವ ಬಂದದ್ದು ಒಳ್ಳೆಯದೇ. ಆದರೆ ಬಟ್ಟೆಯ ಕುತ್ತಿಗೆಯಲ್ಲಿರುವ ಲೇಬಲ್‌ನಲ್ಲಿ ಯಾರ ಹೆಸರು ಉಂಟು ಎಂದು ಎಲ್ಲರಿಗೂ ಗೊತ್ತು.

ಈಗ ನಮ್ಮ ಮನೆಗೆ ಬರುವ. ಬಟ್ಟೆ ಕೊಡುವವನು ಬೇರೆ, ಕೆಲಸ ಮನೆಯಲ್ಲಿ, ಕೂಲಿ ಎಣಿಕೆಯ ಮೇಲೆ, ನಡುವೆ ಒಬ್ಬ ಕಂಟ್ರಾಕ್ಟುದಾರ. ಇದನ್ನು ಓದುವಾಗ ನಮ್ಮ ಉಮ್ಮಂದಿರಿಗೆ ಏನು ನೆನಪಾಗಿರಬೇಕು ಎಂದು ಹೇಳಬೇಕಾಗಿಲ್ಲ. ದಕ್ಷಿಣ ಕನ್ನಡ, ಉಡುಪಿಯ ಎಲ್ಲ ಜಾತಿ ಧರ್ಮದ ಮನೆಗಳಲ್ಲಿ ಬೀಡಿ ಕಟ್ಟಿದ ಕೈಗಳುಂಟು, ಬ್ಯಾರಿ ಮನೆಗಳಲ್ಲಿ ಧಾರಾಳ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು, ಸಾವಿರದ ಲೆಕ್ಕದಲ್ಲಿ ಕಟ್ಟುವುದು, ಎಲೆ ಕಡಿಮೆ ಬಿದ್ದರೆ ಕೈಯಿಂದ ದುಡ್ಡು ಹಾಕಿ ತರುವುದು, ಆಯ್ದು ಬಿಸಾಡಿದ ಬೀಡಿಗೆ ಕಾಸಿಲ್ಲ. ಆ ಕಾಸಿನಲ್ಲಿ ಶಾಲೆ ಫೀಸು ಕಟ್ಟಿದವರು, ಚೀಟಿ ಹಾಕಿದವರು, ಮಗಳಿಗೆ ಒಂದು ಪವನ್ ಮಾಡಿಸಿದವರು ಇದನ್ನು ಓದುತ್ತಿರುವವರಲ್ಲೇ ಇದ್ದಾರೆ.

ಬೀಡಿ ಸುಖದ ಕೆಲಸ ಅಂತ ನಾವು ಹೇಳುವುದಿಲ್ಲ. ಹೊಗೆಸೊಪ್ಪಿನ ಧೂಳು ಕುಡಿದು ಕೆಮ್ಮು ಹಿಡಿದವರು ಎಷ್ಟೋ. ಆದರೆ ಲಕ್ನೋದ ಕಸೂತಿಯವಳಿಗೆ ಇಲ್ಲದ ಒಂದು ವಸ್ತು ನಮ್ಮ ಬೀಡಿಯವಳಿಗೆ ಇತ್ತು: ಪುಸ್ತಕ. ಇಷ್ಟು ಎಲೆ ಕೊಟ್ಟದ್ದು, ಇಷ್ಟು ಬೀಡಿ ಬಂದದ್ದು ಎಂದು ಬರೆಯುವ ಪುಸ್ತಕ. ಅದು ಯಾರೋ ದಯೆಯಿಂದ ಕೊಟ್ಟದ್ದಲ್ಲ. 1966ರಲ್ಲಿ ಬಂದ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ, ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ ಎಂದು ಒಪ್ಪಿತು. ನಡುವೆ ಕಂಟ್ರಾಕ್ಟುದಾರ ಇದ್ದರೂ ಮೇಲಿನ ಮಾಲಕನಿಗೆ ಜವಾಬ್ದಾರಿ ತಪ್ಪುವುದಿಲ್ಲ ಎಂದಿತು. ಮಾಲಕರು ಸುಮ್ಮನೆ ಒಪ್ಪಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿ ಹಿಡಿಯಿತು. ಕಾನೂನು ಓದುವ ಮಕ್ಕಳು ದೇಶದ ಎಲ್ಲ ಕಡೆ ಈ ತೀರ್ಪನ್ನು ಓದುತ್ತಾರೆ. ಅದರ ಹೆಸರಿನಲ್ಲೇ ನಮ್ಮ ಊರು ಉಂಟು, ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣ. ಆಮೇಲೆ 1985ರಲ್ಲಿ ಪಿ.ಎಂ. ಪಟೇಲ್ ಪ್ರಕರಣದಲ್ಲಿ, ಮನೆಯಲ್ಲಿ ಬೀಡಿ ಕಟ್ಟುವವರಿಗೂ ಪಿ.ಎಫ್. ಅನ್ವಯಿಸುತ್ತದೆ ಎಂದು ಅದೇ ಕೋರ್ಟು ಹೇಳಿತು. ಕಂಪೆನಿಯ ಶೆಡ್ಡಿನಲ್ಲಿ ಕೂತಿಲ್ಲ, ಯಾರೂ ಎದುರು ನಿಂತು ಕೆಲಸ ನೋಡುವುದಿಲ್ಲ ಎಂಬ ವಾದ ನಿಲ್ಲಲಿಲ್ಲ. ತಂದ ಬೀಡಿಯನ್ನು ಆಯ್ದು, ಇದು ಸರಿ ಇದು ಬೇಡ ಎಂದು ಹೇಳುವ ಹಕ್ಕು ಮಾಲಕನಿಗಿದ್ದರೆ ಅವನೇ ಮಾಲಕ ಎನ್ನುವುದು ಕೋರ್ಟಿನ ನಿಲುವಾಗಿತ್ತು.

ಈ ತರ್ಕವನ್ನು ಕಸೂತಿಗೆ ಹಾಕಿ ನೋಡಿ. ಬಟ್ಟೆ ಅವನದ್ದು, ಡಿಸೈನ್ ಅವನದ್ದು, ಕಲೆ ಬಿದ್ದರೆ ತಿರಸ್ಕರಿಸುವವನೂ ಅವನೇ. ಆದರೂ ಹೊಲಿಯುವವಳು ಯಾರ ಕೆಲಸದವಳೂ ಅಲ್ಲ! ಬೀಡಿಯವಳಿಗೂ ಕಸೂತಿಯವಳಿಗೂ ಕೌಶಲದಲ್ಲಿ ವ್ಯತ್ಯಾಸ ಇರಬಹುದು, ಕಷ್ಟದಲ್ಲಿ ವ್ಯತ್ಯಾಸ ಇಲ್ಲ. ಒಬ್ಬಳ ಪರವಾಗಿ ಯೂನಿಯನ್ ನಿಂತು ಕಾಯ್ದೆ ಬಂತು, ಇನ್ನೊಬ್ಬಳ ಮನೆ ಬಾಗಿಲಿಗೆ ಯಾರೂ ಹೋಗಲಿಲ್ಲ. ಪುಸ್ತಕದಿಂದ ಬೀಡಿ ಕಾರ್ಡು, ಕಾರ್ಡಿನಿಂದ ಮಕ್ಕಳ ಸ್ಕಾಲರ್‌ಶಿಪ್ಪು, ಪಿ.ಎಫ್., ಪ್ರಾಯವಾದಾಗ ಸಣ್ಣ ಪೆನ್ಶನ್. ಸಣ್ಣದೇ. ಆದರೂ ಎಪ್ಪತ್ತರ ಉಮ್ಮ ತನ್ನ ಮದ್ದಿನ ಖರ್ಚಿಗೆ ಮಗನ ಮುಖ ನೋಡದೆ ಬ್ಯಾಂಕಿಗೆ ಹೋಗಿ ಬರುವುದರ ಬೆಲೆ ಆ ಮನೆಗಳಿಗೆ ಗೊತ್ತು.

ಈಗ ಬೀಡಿ ಕೆಲಸ ಕಡಿಮೆಯಾಗುತ್ತಾ ಬಂದಿದೆ. ವಾರದಲ್ಲಿ ಎಲ್ಲ ದಿನ ಎಲೆ ಸಿಗುವ ಕಾಲ ಹೋಯಿತು. ಓದಿದ ಹೆಣ್ಣುಮಕ್ಕಳು ಗೆರಸೆ ಹಿಡಿಯುವುದೂ ಇಲ್ಲ, ಹಿಡಿಯಬೇಕೆಂದು ನಾವು ಬಯಸುವುದೂ ಇಲ್ಲ. ಅದರ ಜಾಗಕ್ಕೆ ಹೊಲಿಗೆ ಬಂದಿದೆ, ಹೊಲಿಗೆಯ ಹಿಂದೆ ಆರಿ ವರ್ಕ್. ಸಂಘ ಸಂಸ್ಥೆಗಳು ಹೊಲಿಗೆ ತರಬೇತಿ ಕೊಡುತ್ತವೆ, ಗಲ್ಫಿನಲ್ಲಿರುವ ನಮ್ಮವರು ಹೊಲಿಗೆ ಯಂತ್ರ ಹಂಚಲು ಹಣ ಕಳಿಸುತ್ತಾರೆ. ಮೊಬೈಲ್ ನೋಡಿಯೇ ಆರಿ ಕಲಿತ ಹುಡುಗಿಯರಿದ್ದಾರೆ. ಒಳ್ಳೆಯ ಕೈ ಇದ್ದವಳಿಗೆ ಅಕ್ಕಪಕ್ಕದ ಬೊಟೀಕ್‌ನವರು ಬ್ಲೌಸು, ಗೌನು ಮನೆಗೇ ಕಳಿಸುತ್ತಾರೆ. ಮನೆಯಲ್ಲೇ ಕೂತು, ಮಗುವನ್ನು ನೋಡಿಕೊಂಡು, ಮರ್ಯಾದೆಯ ದುಡಿಮೆ. ಇದರಲ್ಲಿ ಬೇಡ ಅನ್ನುವಂಥದ್ದು ಏನೂ ಇಲ್ಲ.

ಆದರೆ ಹೊಸ ಕೆಲಸ ಬಂದದ್ದು ಹಳೆಯ ಪುಸ್ತಕ ಇಲ್ಲದೆ. ಕೆಲಸ ಕೊಡುವವರು ಪರಿಚಯದವರು, ಕೆಲವೊಮ್ಮೆ ಸಂಬಂಧಿಕರು. ‘ಮೊದಲು ಮುಗಿಸು, ಮತ್ತೆ ನೋಡುವ, ನಮ್ಮೊಳಗೆ ಲೆಕ್ಕ ಎಂತದ್ದು?’ ಎಂಬ ಮಾತಿನಲ್ಲಿ ದರ ನಿಶ್ಚಯವಾಗುತ್ತದೆ, ಅಂದರೆ ಆಗುವುದೇ ಇಲ್ಲ. ಕೇಳಿದರೆ ಮುಖ ಕೆಡುತ್ತದೆ ಎಂದು ಹುಡುಗಿ ಕೇಳುವುದಿಲ್ಲ. ಮದುವೆ ನಾಡಿದ್ದು ಅನ್ನುವಾಗ ಎರಡು ರಾತ್ರಿ ನಿದ್ದೆ ಬಿಟ್ಟು ಮುಗಿಸಿ ಕೊಡುತ್ತಾಳೆ. ದುಡ್ಡು ಬರುವುದು ಮದುವೆ ಕಳೆದು ಯಾವಾಗಲೋ.

ಸುಮ್ಮನೆ ಒಂದು ಲೆಕ್ಕ ಹಾಕುವ. ಇದು ಯಾರದ್ದೂ ನಿಜದ ಲೆಕ್ಕ ಅಲ್ಲ, ಲೆಕ್ಕ ಹಾಕುವ ಕ್ರಮ ತಿಳಿಯಲಿಕ್ಕೆ ಮಾತ್ರ. ಒಂದು ಬ್ಲೌಸಿನ ಆರಿ ಕೆಲಸಕ್ಕೆ ಹುಡುಗಿಗೆ 1,500 ರೂಪಾಯಿ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಮನೆಯಲ್ಲಿ ಎಲ್ಲರೂ ಖುಷಿ, ಒಂದೇ ಬ್ಲೌಸಿಗೆ ಒಂದೂವರೆ ಸಾವಿರ! ಮಣಿ, ನೂಲು, ಸೂಜಿ ಅವಳೇ ತಂದದ್ದಾದರೆ 300 ಕಳೆಯಿರಿ. ಉಳಿದದ್ದು 1,200. ದಿನಕ್ಕೆ ಐದು ಗಂಟೆಯಂತೆ ಎಂಟು ದಿನ ಕೂತರೆ 40 ಗಂಟೆ. ಗಂಟೆಗೆ 30 ರೂಪಾಯಿ. ಎಂಟು ಗಂಟೆ ದುಡಿದರೆ 240. ನಮ್ಮ ಊರಿನಲ್ಲಿ ತೋಟದ ಕೆಲಸಕ್ಕೆ ಆ ದುಡ್ಡಿಗೆ ಯಾರಾದರೂ ಬರುತ್ತಾರಾ? ನಿಮ್ಮ ಮನೆಯ ಹುಡುಗಿಗೆ ಸಿಗುವುದು ಇದಕ್ಕಿಂತ ಹೆಚ್ಚಿರಬಹುದು, ಕಡಿಮೆಯೂ ಇರಬಹುದು. ಗಂಟೆ ಬರೆದಿಡದೆ ಅದು ಗೊತ್ತಾಗುವುದೇ ಇಲ್ಲ, ಮತ್ತು ಹೆಚ್ಚಿನವರು ಗಂಟೆ ಬರೆದಿಡುವುದಿಲ್ಲ.

ಬಟ್ಟೆ ವ್ಯಾಪಾರದಲ್ಲಿರುವ ನಮ್ಮವರಿಗೆ ಈ ಮಾತು ಸ್ವಲ್ಪ ಚುಚ್ಚಬಹುದು. ಬ್ಯಾರಿ ಎಂಬ ಹೆಸರಿಗೇ ವ್ಯಾಪಾರದ ನಂಟು ಹೇಳುವವರಿದ್ದಾರೆ, ವ್ಯಾಪಾರದ ಕಷ್ಟ ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಂಗಡಿ ಬಾಡಿಗೆ, ಕೆಲಸದವರ ಸಂಬಳ, ಸಾಲ ಕೊಂಡು ಹೋದ ಗಿರಾಕಿ, ಫ್ಯಾಷನ್ ಬದಲಾಗಿ ರಾಶಿ ಬಿದ್ದ ಹಳೆ ಸ್ಟಾಕು ಎಲ್ಲ ಆ ಬೆಲೆಯಲ್ಲೇ ಬರಬೇಕು. ಅಂಗಡಿಯ ಬೆಲೆಗೂ ಹೊಲಿಯುವವಳ ಕೂಲಿಗೂ ಇರುವ ಅಂತರ ಪೂರ್ತಿ ಲಾಭ ಅಲ್ಲ. ಹಾಗಂತ ‘ಕೂಲಿ ಹೆಚ್ಚು ಮಾಡಿದರೆ ಬೆಲೆ ಏರುತ್ತದೆ, ಗಿರಾಕಿ ಮೆಷಿನ್‌ಗೆ ಹೋಗುತ್ತಾನೆ’ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಕೊನೆಯ ಬೆಲೆಯಲ್ಲಿ ಕೂಲಿಯ ಪಾಲು ಸಣ್ಣದಾದರೆ ಅದನ್ನು ಕಾಲು ಭಾಗ ಏರಿಸಿದರೂ ಗಿರಾಕಿಗೆ ಭಾರ ಆಗುವುದಿಲ್ಲ. ಪಾಲು ದೊಡ್ಡದು ಅಂತಾದರೆ ಅದನ್ನು ತೋರಿಸಲು ಹೆದರಿಕೆ ಯಾಕೆ? ‘ಹ್ಯಾಂಡ್ ವರ್ಕ್’ ಎಂದು ಹೇಳಿ ಮಾರುವಾಗ ಅದರಲ್ಲಿ ಹ್ಯಾಂಡಿಗೆ ಇಷ್ಟು ಎಂದು ಹೇಳುವ ಅಂಗಡಿಗೆ ಗಿರಾಕಿ ಕಡಿಮೆಯಾಗುತ್ತಾನೆ ಎಂದು ನಮಗೆ ಅನಿಸುವುದಿಲ್ಲ.

ಬೇರೆ ದಾರಿಯೇ ಇಲ್ಲವಾ? ಉಂಟು, ಮಾಡಿ ತೋರಿಸಿದವರಿದ್ದಾರೆ. ಲಕ್ನೋದಲ್ಲೇ 1984ರಲ್ಲಿ ರೂನಾ ಬ್ಯಾನರ್ಜಿ, ಸೆಹಬಾ ಹುಸೇನ್ ಸೇರಿ ‘ಸೇವಾ’ ಶುರು ಮಾಡಿದರು. ಏಜೆಂಟ್‌ನನ್ನು ಬದಿಗಿಟ್ಟು ಹೆಂಗಸರಿಗೆ ನೇರ ಕೆಲಸ, ನೇರ ಕೂಲಿ. ಮರೆತುಹೋಗುತ್ತಿದ್ದ ಹೊಲಿಗೆಗಳನ್ನು ಹಳೆಯ ಕೈಗಳಿಂದ ಹೊಸಬರಿಗೆ ಕಲಿಸಿ, ದೊಡ್ಡ ಪೇಟೆಗಳಲ್ಲಿ ಪ್ರದರ್ಶನ ಮಾಡಿ ನೇರ ಮಾರಿದರು. ಬುರ್ಖಾದ ಹೆಂಗಸರು ರೈಲು ಹತ್ತಿ ಹೋಗಿ ತಮ್ಮ ಬಟ್ಟೆ ತಾವೇ ಮಾರುವುದು ಆ ಕಾಲದ ಲಕ್ನೋದಲ್ಲಿ ಸಣ್ಣ ಮಾತಾಗಿರಲಿಲ್ಲ. 2007ರಲ್ಲಿ ರೂನಾ ಬ್ಯಾನರ್ಜಿಯವರಿಗೆ ಪದ್ಮಶ್ರೀ ಬಂತು. ಕಛ್‌ನಲ್ಲಿ ಚಂದಾಬೆನ್ ಶ್ರಾಫ್ 1969ರ ಬರಗಾಲದಲ್ಲಿ ಹೆಂಗಸರ ಕಸೂತಿ ತೆಗೆದುಕೊಳ್ಳಲು ಶುರು ಮಾಡಿ ‘ಶ್ರುಜನ್’ ಕಟ್ಟಿದರು. ನಮ್ಮ ರಾಜ್ಯದಲ್ಲೇ ಸಂಡೂರಿನ ಕುಶಲ ಕಲಾ ಕೇಂದ್ರದ ಲಂಬಾಣಿ ಹೆಂಗಸರಿದ್ದಾರೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ20 ಸಭೆ ಆದಾಗ 450ಕ್ಕೂ ಹೆಚ್ಚು ಮಂದಿ ಹೊಲಿದ 1,755 ವಸ್ತುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ಈ ಮೂರೂ ಕಡೆ ಒಬ್ಬೊಬ್ಬಳು ಒಂಟಿಯಾಗಿ ಏಜೆಂಟ್‌ನ ಎದುರು ನಿಲ್ಲಲಿಲ್ಲ, ಒಟ್ಟಾಗಿ ನಿಂತರು. ಒಟ್ಟು ಸರಪಳಿಯ ಎದುರು ಇವು ಸಣ್ಣವು, ಅದೂ ನಿಜ.

ಸರ್ಕಾರದ ಕಡೆಯಿಂದ ಬಂದದ್ದು ಹೆಚ್ಚಾಗಿ ಹೆಸರು. ಲಕ್ನೋ ಚಿಕನ್‌ಗೆ 2008ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ನಮ್ಮ ಧಾರವಾಡ ಕಡೆಯ ಕಸೂತಿಗೂ ಸಂಡೂರು ಲಂಬಾಣಿಗೂ ಉಂಟು. ಬೇರೆ ಊರಿನವರು ಅದೇ ಹೆಸರಿನಲ್ಲಿ ಮಾರಬಾರದು ಎಂಬುದಕ್ಕೆ ಅದು ಉಪಯೋಗ. ಲಕ್ನೋದೊಳಗೆ ಯಾರಿಗೆ ಎಷ್ಟು ಕೊಡಬೇಕು ಎಂದು ಜಿಐ ಕಾಯ್ದೆ ಕೇಳುವುದಿಲ್ಲ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿ ನೋಡಿ. ದರ್ಜಿ ಇದ್ದಾನೆ, ಧೋಬಿ ಇದ್ದಾನೆ. ಚಿಕನ್ ಸರಪಳಿಯಲ್ಲಿ ಹೊಲಿದು ಕೊಡುವವನು, ಒಗೆದು ಕೊಡುವವನು ಪಟ್ಟಿಯಲ್ಲಿ ಬಂದರು, ನಡುವೆ ಕಸೂತಿ ಹಾಕುವವಳು ಬರಲಿಲ್ಲ. ಕೇಂದ್ರದ ಕರಕುಶಲ ಇಲಾಖೆ ಕೊಡುವ ‘ಪೆಹಚಾನ್’ ಗುರುತಿನ ಚೀಟಿಗೆ ಕಸೂತಿಯವರು ಅರ್ಜಿ ಹಾಕಬಹುದು. ಮೇಳಗಳಲ್ಲಿ ಮಳಿಗೆ, ತರಬೇತಿಗೆ ಅದು ಬೇಕಾಗುತ್ತದೆ. ಅಸಂಘಟಿತ ಕಾರ್ಮಿಕರ ‘ಇ-ಶ್ರಮ್’ನಲ್ಲೂ ಹೆಸರು ನೋಂದಾಯಿಸಬಹುದು. ಮನೆಯಲ್ಲಿ ಕೂತು ದುಡಿಯುವವರಿಗೆ ಉಳಿದ ಕಾರ್ಮಿಕರ ಸಮಾನ ಹಕ್ಕು ಕೊಡಬೇಕು ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲೇ ಒಂದು ಒಪ್ಪಂದ ಮಾಡಿತ್ತು. ಭಾರತ ಅದಕ್ಕೆ ಸಹಿ ಹಾಕಲಿಲ್ಲ. ಲಕ್ಷಾಂತರ ಹೆಂಗಸರು ಮನೆಯಲ್ಲೇ ದುಡಿಯುವ ದೇಶ ಇದಕ್ಕೆ ಹಿಂಜರಿಯುವುದು ಯಾಕೆ ಎಂದು ಓಟು ಕೇಳಲು ಬರುವವರ ಹತ್ತಿರ ಕೇಳಬೇಕಾದ ಪ್ರಶ್ನೆ.

ಕೂಲಿ ಸಿಗದಿದ್ದರೆ ಕೈಕೆಲಸಕ್ಕೆ ಏನಾಗುತ್ತದೆ ಎಂದು ನೋಡಲು ಲಕ್ನೋದವರೆಗೂ ಹೋಗಬೇಕಾಗಿಲ್ಲ. ಕಾಸರಗೋಡಿನ ತಳಂಗರೆ ಟೊಪ್ಪಿ ನಮ್ಮ ಹಿರಿಯರು ತಲೆಗೆ ಇಟ್ಟದ್ದೇ. ಬಿಳಿ ಬಟ್ಟೆಯಲ್ಲಿ ಕೈಯಿಂದ ಸಣ್ಣ ಸಣ್ಣ ಹೊಲಿಗೆ ಹಾಕಿ, ಮನೆಮನೆಯಲ್ಲಿ ಹೆಂಗಸರು ತಯಾರು ಮಾಡುತ್ತಿದ್ದ ಟೊಪ್ಪಿ ಕಡಲು ದಾಟಿ ಗಲ್ಫಿಗೂ ಹೋಗುತ್ತಿತ್ತು. ಈಗ ಅದನ್ನು ಹೊಲಿಯಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಮೆಷಿನ್ ಟೊಪ್ಪಿ ಅಗ್ಗಕ್ಕೆ ಬಂತು ಎನ್ನುವುದು ಒಂದು ಕಾರಣ. ದಿನಗಟ್ಟಲೆ ಹೊಲಿದರೂ ಕೈಗೆ ಏನೂ ಹತ್ತದ ಕೆಲಸವನ್ನು ಮಗಳಿಗೆ ಕಲಿಸಲು ಯಾವ ಉಮ್ಮನಿಗೂ ಮನಸ್ಸಾಗಲಿಲ್ಲ ಎನ್ನುವುದು ಅಷ್ಟೇ ದೊಡ್ಡ ಕಾರಣ.

ನಮ್ಮ ಸಂಘ ಸಂಸ್ಥೆಗಳಿಗೆ, ಜಮಾಅತ್ ಕಮಿಟಿಗಳಿಗೆ ನಮ್ಮದೊಂದು ವಿನಂತಿ. ಹೊಲಿಗೆ ಯಂತ್ರ ಹಂಚುವ ಕಾರ್ಯಕ್ರಮ ಮುಂದುವರಿಯಲಿ, ಫೋಟೋ ಬೇಕಾದರೆ ನಮ್ಮ ಪುಟದಲ್ಲೇ ಹಾಕುವ. ಯಂತ್ರದ ಜೊತೆ ಒಂದು ಲೆಕ್ಕದ ಪುಸ್ತಕವನ್ನೂ ಕೊಡಿ, ತರಬೇತಿಯ ಕೊನೆಯ ದಿನ ಅದನ್ನು ಬರೆಯುವುದನ್ನೂ ಕಲಿಸಿ. ಕೆಲಸ ಕೊಟ್ಟವರು ಯಾರು, ಯಾವ ದಿನ, ಏನು ಕೊಟ್ಟರು, ಯಾವ ದರ ಮಾತಾಡಿದ್ದು, ಮುಂಗಡ ಎಷ್ಟು, ಮಣಿ ನೂಲಿನ ಖರ್ಚು ಯಾರದ್ದು, ದಿನಕ್ಕೆ ಎಷ್ಟು ಗಂಟೆ, ಮುಗಿಸಿ ಕೊಟ್ಟ ದಿನ, ದುಡ್ಡು ಬಂದ ದಿನ, ಕಡಿತ ಇದ್ದರೆ ಯಾಕೆ. ಕೆಲಸ ಕೊಟ್ಟವರ ಸಹಿಗೂ ಒಂದು ಜಾಗ ಇರಲಿ. ಒಂದು ಮೊಹಲ್ಲಾದಲ್ಲಿ ಹತ್ತು ಹುಡುಗಿಯರು ಆರಿ ಕೆಲಸ ಮಾಡುತ್ತಿದ್ದರೆ ತಿಂಗಳಿಗೊಮ್ಮೆ ಹತ್ತೂ ಪುಸ್ತಕ ಒಟ್ಟಿಗೆ ಇಟ್ಟು ನೋಡಿದರೆ ಯಾರು ಗಂಟೆಗೆ ಎಷ್ಟು ಕೊಡುತ್ತಾರೆ ಎಂದು ತಾನಾಗಿ ತಿಳಿಯುತ್ತದೆ. ಮುಂದಿನ ತಿಂಗಳ ದರವನ್ನು ಹತ್ತು ಮಂದಿ ಒಂದೇ ಹೇಳಬಹುದು. ಬೊಟೀಕ್ ನಡೆಸುವವರು, ಬಟ್ಟೆ ಅಂಗಡಿಯವರು ತಾವಾಗಿ ಇಂತಹ ಪುಸ್ತಕ ಇಟ್ಟು, ಕೆಲಸ ಕೊಡುವ ಮೊದಲೇ ದರ ಬರೆದು ಕೊಡಲು ತಯಾರಿದ್ದರೆ ನಮಗೆ ತಿಳಿಸಿ. ಮದುವೆ ಬಟ್ಟೆ ತೆಗೆಯುವ ಮನೆಯವರಿಗೆ ಅಂತಹ ಅಂಗಡಿಗಳ ಪಟ್ಟಿಯನ್ನು ಈ ಪುಟದಲ್ಲಿ ಕೊಡಲು ನಾವು ಸಿದ್ಧ.